ಮುತ್ತಜ್ಜನ ಸಮಾಧಿ ದಾಖಲೆಯ ವಯಸ್ಸು ಮನೆಯ ನೆನಪಿಗೆ ಹೊಂದುತ್ತಿಲ್ಲ: ಹಳೆಯ ಜನಗಣತಿಯ ಹಾಳೆ ನೋಡಲು ಸಿಗುವುದೇ?

ಕೇಶ್ವಾಪುರದ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಕಳೆದ ಒಂದು ವರ್ಷದಿಂದ ನಮ್ಮ ತಂದೆಯ ಅಜ್ಜನ, ಅಂದರೆ ನನ್ನ ಮುತ್ತಜ್ಜನ, ಬದುಕಿನ ಜಾಡು ಹಿಡಿಯಲು ಪ್ರಯತ್ನಿಸುತ್ತಿದ್ದೇನೆ. ಮನೆಯವರ ಹೆಸರನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯುವ ಮನಸ್ಸಿಲ್ಲದ ಕಾರಣ ಅವರನ್ನು ಯಾಕೋಬ ಎಂದು ಕರೆಯುತ್ತೇನೆ. ನಿಜವಾದ ಹೆಸರೂ ಬೈಬಲಿನದೇ. ಆ ಕಾಲಕ್ಕೆ ನಮ್ಮ ಕ್ರೈಸ್ತ ಸಭೆಯಲ್ಲಿ ಅದೇ ಹೆಸರಿನವರು ಹಲವರಿದ್ದರು.

ಮನೆಯಲ್ಲಿ ಉಳಿದುಬಂದ ಕಥೆ ಹೀಗಿದೆ. ಧಾತು ಸಂವತ್ಸರದ ದೊಡ್ಡ ಬರಗಾಲದಲ್ಲಿ, ಅಂದರೆ 1876-77ರಲ್ಲಿ, ರೋಣದ ಕಡೆಯ ಒಂದು ಹಳ್ಳಿಯಿಂದ ತಾಯಿಯೊಬ್ಬಳು ಆರು ವರ್ಷದ ಮಗನನ್ನು ಕರೆದುಕೊಂಡು ಕೂಳು ಹುಡುಕುತ್ತ ಗದಗಿನ ದಾರಿ ಹಿಡಿದಳು. ತಾಯಿ ದಾರಿಯಲ್ಲಿಯೇ ತೀರಿಕೊಂಡಳು. ಮಗನನ್ನು ಯಾರೋ ಬೆಟಗೇರಿಯ ಬಾಸೆಲ್ ಮಿಷನ್ನಿನವರ ಬಳಿ ತಂದು ಬಿಟ್ಟರು. ಅಲ್ಲಿ ಬೆಳೆದ ಹುಡುಗ ದೀಕ್ಷಾಸ್ನಾನ ಹೊಂದಿ ಯಾಕೋಬನಾದ, ರೇಲ್ವೆ ಬಂದ ಮೇಲೆ ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಬಡಗಿಯ ಕೆಲಸಕ್ಕೆ ಸೇರಿದ, ಮದುವೆಯಾದ, ಪ್ಲೇಗಿನಲ್ಲಿ ತೀರಿಕೊಂಡ. ಇಷ್ಟನ್ನೂ ನನಗೆ ಹೇಳಿದವರು ನನ್ನ ಅಜ್ಜಿ. ಅವರು ತಮ್ಮ ಮಾವನನ್ನು ಕಂಡವರಲ್ಲ, ಅತ್ತೆಯ ಬಾಯಿಂದ ಕೇಳಿದ್ದನ್ನು ನಮಗೆ ದಾಟಿಸಿದರು. "ವಿಳಂಬಿ ಪ್ಲೇಗಿನ್ಯಾಗ ಹ್ವಾದ್ರು" ಎಂಬ ಅವರ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಪ್ಲೇಗು ಮೊದಲ ಸಲ ಬಂದಾಗ ಉಳಿದುಕೊಂಡರು, ತಡವಾಗಿ ಮತ್ತೊಮ್ಮೆ ಬಂದಾಗ ಹೋದರು ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ನಮ್ಮ ಸಭೆಯ ಮರಣ ಮತ್ತು ಸಮಾಧಿ ರಜಿಸ್ಟರನ್ನು ಸಭಾಪಾಲಕರ ಅನುಮತಿ ಪಡೆದು ನೋಡಿದೆ. 1903ರ ನವೆಂಬರಿನಲ್ಲಿ ಯಾಕೋಬ ಎಂಬ ಹೆಸರಿದೆ. ಊರು ಬೆಟಗೇರಿ, ವಯಸ್ಸು 45, ಮರಣದ ಕಾರಣ ಜ್ವರ. ನೋಡಿದ ದಿನ ಬಹಳ ಸಂತೋಷವಾಯಿತು. ಮನೆಗೆ ಬಂದು ಲೆಕ್ಕ ಹಾಕಿದಾಗ ಸಂತೋಷ ಅರ್ಧಕ್ಕಿಳಿಯಿತು. 1903ರಲ್ಲಿ 45 ಎಂದರೆ 1858ರ ಸುಮಾರಿಗೆ ಹುಟ್ಟಿರಬೇಕು, ಧಾತು ಬರದಲ್ಲಿ ಹದಿನೆಂಟು ವರ್ಷದ ಯುವಕನಾಗಿರಬೇಕು. ತಾಯಿಯ ಕೈ ಹಿಡಿದು ನಡೆದ ಆರು ವರ್ಷದ ಹುಡುಗ ಎಲ್ಲಿ ಹೋದ?

ಇಂಗ್ಲೆಂಡಿನಲ್ಲಿರುವ ನನ್ನ ಸೋದರಳಿಯ ಹೇಳುವ ಪ್ರಕಾರ ಅಲ್ಲಿಯವರು 1841ರಿಂದ 1921ರವರೆಗಿನ ಜನಗಣತಿಯ ಹಾಳೆಗಳನ್ನು ಕಂಪ್ಯೂಟರಿನಲ್ಲಿಯೇ ತೆಗೆದು, ಯಾವ ಬೀದಿಯ ಯಾವ ಮನೆಯಲ್ಲಿ ಯಾರು, ಎಷ್ಟು ವಯಸ್ಸಿನವರು, ಎಲ್ಲಿ ಹುಟ್ಟಿದವರು ಎಂಬುದನ್ನೆಲ್ಲ ಓದುತ್ತಾರೆ. ನಮ್ಮಲ್ಲಿಯೂ 1881 ಮತ್ತು 1891ರಲ್ಲಿ ಗಣತಿ ನಡೆದಿದೆಯಲ್ಲವೇ? ಆ ಹಾಳೆಯಲ್ಲಿ ಮುತ್ತಜ್ಜನ ವಯಸ್ಸು ಸಿಕ್ಕರೆ ಈ ತೊಡಕು ಬಿಡಿಸಬಹುದು. ಅದನ್ನು ಎಲ್ಲಿ ಕೇಳಬೇಕು, ಯಾರಿಗೆ ಅರ್ಜಿ ಬರೆಯಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೆ ದಫ್ತರ, ಧಾರವಾಡ

ಅಕ್ಕನವರೆ, ನಿರಾಸೆಯ ಉತ್ತರವನ್ನು ಮೊದಲೇ ಹೇಳಿಬಿಡುವುದು ಮೇಲು. ತಾವು ಕೇಳುತ್ತಿರುವ ಹಾಳೆ ಧಾರವಾಡದಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ, ಮುಂಬಯಿಯಲ್ಲಿಯೂ ಇಲ್ಲ. ನಾನು ಕಂದಾಯ ಇಲಾಖೆಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡಿದವನು. ಪ್ರತಿ ವರ್ಷ ನಾಲ್ಕೈದು ಜನ ಇದೇ ಪ್ರಶ್ನೆ ಹಿಡಿದು ಬರುತ್ತಿದ್ದರು, ಹೆಚ್ಚಿನವರು ಜಾತಿಯ ದಾಖಲೆಗಾಗಿ, ಅಪರೂಪಕ್ಕೊಬ್ಬರು ತಮ್ಮಂತೆ ಹಿರಿಯರ ಮೇಲಿನ ಪ್ರೀತಿಗಾಗಿ. ಎಲ್ಲರನ್ನೂ ಬರಿಗೈಯಲ್ಲಿ ಕಳಿಸಬೇಕಾಗುತ್ತಿತ್ತು.

ಹಾಳೆಗಳು ಏಕೆ ಉಳಿದಿಲ್ಲವೆಂಬುದು ಗಣತಿ ನಡೆಯುತ್ತಿದ್ದ ರೀತಿಯಿಂದಲೇ ತಿಳಿಯುತ್ತದೆ. ಖಾನೇಸುಮಾರಿ ಎಂದು ಆಗ ಕರೆಯುತ್ತಿದ್ದ ಈ ಕೆಲಸವನ್ನು ಊರಿನ ಕುಲಕರ್ಣಿ, ಶಾಲಾಮಾಸ್ತರ ಮೊದಲಾದವರಿಗೆ ಒಪ್ಪಿಸುತ್ತಿದ್ದರು. ಮೊದಲು ಪ್ರತಿ ಮನೆಗೆ ಕೆಮ್ಮಣ್ಣಿನಿಂದ ನಂಬರು ಬರೆದು, ವಾರಗಳ ಮುಂಚೆಯೇ ಹೆಸರು, ವಯಸ್ಸು, ಜಾತಿ, ಕಸುಬು ತುಂಬಿಕೊಂಡು, ಗೊತ್ತುಮಾಡಿದ ಒಂದು ರಾತ್ರಿ ಕಂದೀಲು ಹಿಡಿದು ಮನೆಮನೆಗೆ ಹೋಗಿ, ಸತ್ತವರ ಹೆಸರು ಹೊಡೆದು ಹಾಕಿ ಹುಟ್ಟಿದವರ ಹೆಸರು ಸೇರಿಸುತ್ತಿದ್ದರು. 1881ರಲ್ಲಿ ಆ ರಾತ್ರಿ ಫೆಬ್ರುವರಿ 17, 1891ರಲ್ಲಿ ಫೆಬ್ರುವರಿ 26. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಬರೀ 'ಹೆಣ್ಣು' ಎಂದು ಬರೆದುಕೊಳ್ಳುವ ಸೂಚನೆಯಿತ್ತು, ಆದ್ದರಿಂದ ಹಾಳೆ ಉಳಿದಿದ್ದರೂ ನಮ್ಮ ಅಜ್ಜಿಯರಲ್ಲಿ ಹಲವರು ಅದರಲ್ಲಿ ಸಿಗುತ್ತಿರಲಿಲ್ಲ. 1901ರಿಂದ ಚೀಟಿಯ ಪದ್ಧತಿ ಬಂತು: ಒಬ್ಬ ಮನುಷ್ಯನಿಗೆ ಒಂದು ಚೀಟಿ, ಧರ್ಮಕ್ಕೊಂದು ಬಣ್ಣದ ಕಾಗದ, ಚೀಟಿಗಳನ್ನು ಗೂಡುಗಳಲ್ಲಿ ವಿಂಗಡಿಸಿ ಎಣಿಸುತ್ತಿದ್ದರು. ಸರಕಾರಕ್ಕೆ ಬೇಕಾಗಿದ್ದುದು ಮೊತ್ತ ಮಾತ್ರ. ಮೊತ್ತ ಸಿಕ್ಕು ಕೋಷ್ಟಕ ಅಚ್ಚಾದ ಮೇಲೆ ಆ ಹಾಳೆಗಳು, ಚೀಟಿಗಳು ರದ್ದಿಗೆ ಹೋದವು. ಸ್ವಾತಂತ್ರ್ಯದ ನಂತರದ ಗಣತಿಗಳಿಗೆ 1948ರ ಜನಗಣತಿ ಕಾಯಿದೆ ಅನ್ವಯಿಸುತ್ತದೆ. ಅದರ 15ನೆಯ ಕಲಮಿನ ಪ್ರಕಾರ ವ್ಯಕ್ತಿಯ ವಿವರವನ್ನು ಯಾರೂ ನೋಡುವಂತಿಲ್ಲ, ಸಾಕ್ಷ್ಯವಾಗಿಯೂ ತರುವಂತಿಲ್ಲ. ಇಂಗ್ಲೆಂಡಿನಲ್ಲಿರುವಂತೆ ನೂರು ವರ್ಷ ಕಳೆದ ಮೇಲೆ ಬಾಗಿಲು ತೆರೆಯುವ ನಿಯಮ ನಮ್ಮ ಕಾಯಿದೆಯಲ್ಲಿಲ್ಲ. ಹಾಗೆಂದು ಅವರಲ್ಲಿಯೂ ಎಲ್ಲವೂ ಇಲ್ಲ. 1931ರ ಅವರ ಹಾಳೆಗಳು 1942ರಲ್ಲಿ ಬೆಂಕಿಗೆ ಸುಟ್ಟುಹೋದವು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ.

ಹಾಗಾದರೆ ಗಣತಿಯಿಂದ ತಮಗೆ ಏನೂ ಸಿಗುವುದಿಲ್ಲವೇ ಎಂದರೆ, ಹೆಸರು ಸಿಗುವುದಿಲ್ಲ, ಊರಿನ ಪರಿಸ್ಥಿತಿ ಸಿಗುತ್ತದೆ. ಆಗಿನ ಧಾರವಾಡ ಜಿಲ್ಲೆಯಲ್ಲಿ, ಅಂದರೆ ಇಂದಿನ ಗದಗ, ಹಾವೇರಿಗಳೂ ಸೇರಿದ್ದ ಜಿಲ್ಲೆಯಲ್ಲಿ, 1872ರಲ್ಲಿ 9,88,037 ಜನರಿದ್ದರು. 1881ರಲ್ಲಿ ಇದ್ದವರು 8,82,907. ಒಂಬತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಲಕ್ಷಕ್ಕಿಂತ ಹೆಚ್ಚು ಇಳಿದಿದೆ. ನಡುವೆ ಇರುವುದು ಧಾತು ಮತ್ತು ಈಶ್ವರ ಸಂವತ್ಸರಗಳು. ತಮ್ಮ ಅಜ್ಜಿಯ ಕಥೆಯನ್ನು ಆ ಎರಡು ಅಂಕಿಗಳ ನಡುವೆ ಇಟ್ಟು ಓದಿದರೆ ಅದರಲ್ಲಿ ಅತಿಶಯೋಕ್ತಿ ಏನೂ ಇಲ್ಲವೆಂದು ತಿಳಿಯುತ್ತದೆ. 1884ರಲ್ಲಿ ಅಚ್ಚಾದ, ಮುಂಬಯಿ ಇಲಾಖೆಯ (ಆಗಿನ ಬಾಂಬೆ ಪ್ರೆಸಿಡೆನ್ಸಿಯ) ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಬರಗಾಲದ ವಿವರವೂ ಇದೆ, ಒಮ್ಮೆ ಓದಿರಿ.

ಇನ್ನೊಂದು ದಾರಿಯೆಂದರೆ ಪುರಸಭೆಯ ಮರಣ ರಜಿಸ್ಟರು. ಹುಬ್ಬಳ್ಳಿಗೆ 1850ರ ದಶಕದಿಂದಲೂ ಪುರಸಭೆ ಇತ್ತು. ಮಹಾನಗರ ಪಾಲಿಕೆಯ ಜನನ ಮರಣ ವಿಭಾಗಕ್ಕೆ ವರ್ಷ ಮತ್ತು ಹೆಸರು ಕೊಟ್ಟು, 1969ರ ಕಾಯಿದೆಯ 17ನೆಯ ಕಲಮಿನಂತೆ ಶೋಧನೆ ಮಾಡಿ ಉತಾರ ಕೊಡಿರೆಂದು ಅರ್ಜಿ ಹಾಕಬಹುದು. ಸಿಗದಿದ್ದರೆ ಸಿಗಲಿಲ್ಲವೆಂದು ಬರೆದುಕೊಡುವಂತೆ ಕೇಳಿರಿ, ಬಾಯಿಮಾತಿನಲ್ಲಿ ಹಿಂದಿರುಗಬೇಡಿ. ಒಂದು ಎಚ್ಚರಿಕೆ: ಪ್ಲೇಗಿನ ವರ್ಷಗಳಲ್ಲಿ ಸಾವನ್ನು ಮುಚ್ಚಿಡುವವರು ಬಹಳ. ತಿಳಿಸಿದರೆ ಮನೆಯ ಹಂಚು ತೆಗೆದು, ಸಾಮಾನು ಸುಟ್ಟು, ಉಳಿದವರನ್ನು ಊರ ಹೊರಗಿನ ಕ್ಯಾಂಪಿಗೆ ಒಯ್ಯುತ್ತಾರೆಂಬ ಭಯ. ಬರೆಸಿದವರೂ 'ಜ್ವರ' ಎಂದೇ ಬರೆಸಿದರು. ಆದ್ದರಿಂದ ಕಾರಣದ ಕಾಲಮಿನಲ್ಲಿರುವ ಜ್ವರವೆಂಬ ಶಬ್ದಕ್ಕೆ ಯಾವ ಬೆಲೆಯನ್ನೂ ಕೊಡಬೇಡಿ, ಪರವಾಗಿಯೂ ಬೇಡ, ವಿರುದ್ಧವಾಗಿಯೂ ಬೇಡ.

ಬೆಟಗೇರಿಯ ಓದುಗ

ಹಿರಿಯರು ಗಣತಿಯ ಬಗ್ಗೆ ಹೇಳಿದ ಮೇಲೆ ಅದಕ್ಕೆ ಸೇರಿಸುವುದೇನೂ ಇಲ್ಲ. ನಾನು ಹನ್ನೆರಡು ವರ್ಷ ಒಂದು ಸಭೆಯ ಕಾರ್ಯದರ್ಶಿಯಾಗಿದ್ದು ಹಳೆಯ ರಜಿಸ್ಟರುಗಳನ್ನು ಬಿಸಿಲಿಗೆ ಹಾಕಿ, ಗೆದ್ದಲು ಬಿಡಿಸಿ ಕಾಪಾಡಿದವನು, ಆದ್ದರಿಂದ ಸಮಾಧಿ ರಜಿಸ್ಟರಿನ ಬಗ್ಗೆ ಸ್ವಲ್ಪ ಹೇಳಬಲ್ಲೆ.

ಯಾವ ದಾಖಲೆಯನ್ನಾದರೂ ಓದುವಾಗ ಅದನ್ನು ಬರೆದವರು ಯಾರು ಎನ್ನುವುದಕ್ಕಿಂತ ಬರೆಸಿದವರು ಯಾರು ಎಂದು ಕೇಳಬೇಕು. ಸಮಾಧಿ ರಜಿಸ್ಟರಿನಲ್ಲಿರುವ ವಯಸ್ಸನ್ನು ಸತ್ತವನು ಹೇಳಿರುವುದಿಲ್ಲ. ಹೆಂಡತಿ ಅಳುತ್ತ ಕುಳಿತಿರುತ್ತಾಳೆ, ಮಕ್ಕಳು ಸಣ್ಣವರು. ಸಭಾಪಾಲಕರ ಮುಂದೆ ನಿಂತು ಮಾತನಾಡುವವರು ಪಕ್ಕದ ಮನೆಯವರೋ ಸಭೆಯ ಹಿರಿಯರೋ ಆಗಿರುತ್ತಾರೆ. "ವಯಸ್ಸೆಷ್ಟು?" ಎಂದರೆ "ನಲವತ್ತೈದು ಇರಬಹುದು" ಎನ್ನುತ್ತಾರೆ. ನಾನು ನೋಡಿಕೊಂಡ ರಜಿಸ್ಟರಿನಲ್ಲಿ ದೊಡ್ಡವರ ಮರಣಗಳಲ್ಲಿ 40, 45, 50, 60 ಎಂಬ ಅಂಕಿಗಳೇ ಹೆಜ್ಜೆಹೆಜ್ಜೆಗೂ ಬರುತ್ತಿದ್ದವು, 43 ಅಥವಾ 57 ಎಂಬುದು ಕಂಡರೆ ನನಗೆ ಆಶ್ಚರ್ಯವಾಗುತ್ತಿತ್ತು. ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳಿಗೆ ಜನ ವಾಲುತ್ತಾರೆಂದು ಗಣತಿಯ ವರದಿಗಳೂ ಪ್ರತಿ ಸಲ ದೂರಿವೆ. ಆದರೂ ಒಂದು ಮಾತು. ಧಾತು ಬರದಲ್ಲಿ ಆರು ವರ್ಷದವನು 1903ರಲ್ಲಿ 33ರವನು. 33 ವರ್ಷದವನನ್ನು 35 ಎನ್ನುವುದು, ಹೆಚ್ಚೆಂದರೆ 40 ಎನ್ನುವುದು ಅಂದಾಜಿನ ತಪ್ಪು. 45 ಎನ್ನುವುದು ನನಗೆ ಅಂದಾಜಿನ ತಪ್ಪಿನಂತೆ ಕಾಣುವುದಿಲ್ಲ. ಹನ್ನೆರಡು ವರ್ಷದ ಅಂತರವೆಂದರೆ ಮನುಷ್ಯನೇ ಬೇರೆಯಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಬೆಟಗೇರಿಯಿಂದ ಹುಬ್ಬಳ್ಳಿಗೆ ರೇಲ್ವೆ ಕೆಲಸಕ್ಕೆ ಹೋದವರು ಒಬ್ಬರಲ್ಲ, ಅವರಲ್ಲಿ ಯಾಕೋಬರೂ ಒಬ್ಬರೇ ಆಗಿರಲಿಕ್ಕಿಲ್ಲ.

ಆದ್ದರಿಂದ ತಾವು ಸಮಾಧಿ ರಜಿಸ್ಟರನ್ನು ಮುಚ್ಚಿ ಮದುವೆಯ ರಜಿಸ್ಟರನ್ನು ತೆರೆಯಿರಿ. ಭಾರತೀಯ ಕ್ರೈಸ್ತ ವಿವಾಹ ಕಾಯಿದೆ 1872ರಲ್ಲಿ ಬಂದ ಮೇಲೆ ಮದುವೆಯ ನಮೂದಿಗೆ ಗೊತ್ತಾದ ನಮೂನೆಯಿದೆ: ವಧೂವರರ ವಯಸ್ಸು, ಕಸುಬು, ವಾಸಸ್ಥಳ, ಇಬ್ಬರ ತಂದೆಯ ಹೆಸರು, ಸಾಕ್ಷಿಗಳು, ಸಹಿ. ಇಲ್ಲಿ ಬರೆಸಿದವನು ವರನೇ. ತನ್ನ ವಯಸ್ಸು ಅವನಿಗೂ ನಿಖರವಾಗಿ ಗೊತ್ತಿರಲಿಕ್ಕಿಲ್ಲ, ಆದರೆ ತಂದೆಯ ಹೆಸರು ಗೊತ್ತಿರುತ್ತದೆ. ತಂದೆಯ ಹೆಸರು ಸಿಕ್ಕರೆ ಒಬ್ಬ ಯಾಕೋಬನನ್ನು ಇನ್ನೊಬ್ಬ ಯಾಕೋಬನಿಂದ ಬೇರ್ಪಡಿಸಬಹುದು, ದೀಕ್ಷಾಸ್ನಾನಕ್ಕೆ ಮೊದಲಿನ ಮನೆತನದ ಬಾಗಿಲೂ ತೆರೆಯಬಹುದು. ಇದರ ಜೊತೆಗೆ ತಮ್ಮ ಸಭೆಯಲ್ಲಿ ಕುಟುಂಬವಾರು ರಜಿಸ್ಟರು ಮತ್ತು ಕರ್ತನ ಭೋಜನಕ್ಕೆ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಪಡೆಯುವ ಸಂಸ್ಕಾರಕ್ಕೆ) ಬಂದವರ ಪಟ್ಟಿ ಇದ್ದರೆ ವರ್ಷವರ್ಷದ ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿರಿ. ಅವುಗಳನ್ನು ಕೇಳುವವರು ಬಹಳ ಕಡಿಮೆ, ಹೆಚ್ಚಿನ ಸಭೆಗಳಲ್ಲಿ ಅವು ಕಪಾಟಿನ ಕೆಳಗಿನ ಅರೆಯಲ್ಲಿ ಬಿದ್ದಿರುತ್ತವೆ.

ಹೊರಗಿನ ದಾಖಲೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಇಲ್ಲಿಂದ ಅವರು ಬರೆದು ಕಳಿಸಿದ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಇವೆ. ಹಳೆಯವು ಜರ್ಮನ್ ಭಾಷೆಯಲ್ಲಿ, ಅದೂ ಹಳೆಯ ಜರ್ಮನ್ ಕೈಬರಹದಲ್ಲಿ ಇರುವುದರಿಂದ ಜರ್ಮನ್ ಬಲ್ಲವರಿಗೂ ಓದಲು ಅಭ್ಯಾಸ ಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಾಖಲೆಗಳೊಳಗೆ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲುಗಳ ಒಂದು ಶ್ರೇಣಿಯಿದೆ, ಮುಂಬಯಿ ಇಲಾಖೆಗೆ ಸೇರಿದವು ಅದರ ಮೂರನೆಯ ವಿಭಾಗದಲ್ಲಿ ಬರುತ್ತವೆ. ಅದು ಮುಖ್ಯವಾಗಿ ಯುರೋಪಿಯನ್ನರ ಮತ್ತು ಆಂಗ್ಲೋ-ಇಂಡಿಯನ್ನರ ದಾಖಲೆ. ಅಂತರ್ಜಾಲದಲ್ಲಿ ದುಡ್ಡು ಕಟ್ಟಿ ಹುಡುಕುವ ಮುನ್ನ ಇದನ್ನು ನೆನಪಿಡಿರಿ; ನಮ್ಮ ಮನೆಯ ಬಡಗಿಗಳು, ನೇಕಾರರು ಅಲ್ಲಿ ಸಿಗುವುದು ಅಪರೂಪ.

ಹಾನಗಲ್ಲಿನವ

ಒಂದೇ ಮಾತು ಹೇಳುವುದಿದೆ. ಎಲ್ಲರೂ 1903ರ ಬಗ್ಗೆಯೇ ಚರ್ಚಿಸುತ್ತಿದ್ದೀರಿ, ಅಜ್ಜಿಯ ಮಾತನ್ನು ಯಾರೂ ಗಮನಿಸಲಿಲ್ಲ. ಅಕ್ಕನವರೆ, ವಿಳಂಬಿ ಎಂದರೆ ತಡವಾಗಿ ಎಂದಲ್ಲ. ವಿಳಂಬಿ ಒಂದು ಸಂವತ್ಸರ. ಧಾತು ಅರವತ್ತರಲ್ಲಿ ಹತ್ತನೆಯದು, ವಿಳಂಬಿ ಮೂವತ್ತೆರಡನೆಯದು. ಧಾತು 1876ರ ಯುಗಾದಿಗೆ ಹತ್ತಿತೆಂದರೆ ಅದಕ್ಕೆ ಇಪ್ಪತ್ತೆರಡು ಕೂಡಿಸಿರಿ: ವಿಳಂಬಿ 1898ರ ಯುಗಾದಿಯಿಂದ 1899ರ ಯುಗಾದಿಯವರೆಗೆ. ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿದ್ದುದೂ, ಹಾಫ್ಕಿನ್ ಅವರ ಪ್ಲೇಗಿನ ಲಸಿಕೆಯನ್ನು ಊರಿಗೆ ಊರೇ ಚುಚ್ಚಿಸಿಕೊಂಡದ್ದೂ ಅದೇ 1898ರಲ್ಲಿ. 1903 ಶೋಭಕೃತು. ಅಜ್ಜಿ ಬರವನ್ನು ಸಂವತ್ಸರದ ಹೆಸರಿನಿಂದ ಹೇಳಿದವರು ಪ್ಲೇಗನ್ನೂ ಸಂವತ್ಸರದ ಹೆಸರಿನಿಂದಲೇ ಹೇಳಿದ್ದಾರೆ.

ತಮ್ಮ ಅಜ್ಜ ಹುಟ್ಟಿದ ವರ್ಷ ಯಾವುದು? ತಂದೆ ತೀರಿದಾಗ ಅವರೆಷ್ಟು ದೊಡ್ಡವರಿದ್ದರು?

ಕೇಶ್ವಾಪುರದ ಶಿಕ್ಷಕಿ

ಹಾನಗಲ್ಲಿನ ಸಹೋದರರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಭವ, ವಿಭವ ಎಂದು ಬಾಯಿಪಾಠ ಮಾಡಿಸಿದವಳು ನಾನು. ಅಜ್ಜಿ ಓದು ಬರಹ ಬಾರದವರು, ಭಾನುವಾರ ಆರಾಧನೆ ತಪ್ಪಿಸದವರು. ಅವರ ಬಾಯಲ್ಲಿ ಸಂವತ್ಸರದ ಹೆಸರು ಬರಬಹುದೆಂದು ನನಗೆ ಹೊಳೆಯಲೇ ಇಲ್ಲ. ಧಾತು ಎಂದದ್ದು ತಿಳಿಯಿತು, ವಿಳಂಬಿ ಎಂದದ್ದು ತಿಳಿಯಲಿಲ್ಲ.

ಅಜ್ಜನ ಹುಟ್ಟಿದ ವರ್ಷ ಶಾಲೆಯ ಜನರಲ್ ರಜಿಸ್ಟರಿನಲ್ಲಿ 1896 ಎಂದಿದೆ. ತಂದೆಯ ಮುಖ ತನಗೆ ನೆನಪಿಲ್ಲವೆಂದು ಅಜ್ಜ ನಮ್ಮ ತಂದೆಯವರ ಮುಂದೆ ಹೇಳುತ್ತಿದ್ದರಂತೆ. 1903 ಆಗಿದ್ದರೆ ಅವರಿಗೆ ಏಳು ವರ್ಷ. ಏಳು ವರ್ಷದ ಮಗನಿಗೆ ತಂದೆಯ ಮುಖ ನೆನಪಿರದೇ ಇರುತ್ತದೆಯೇ? ಬರುವ ವಾರ ಮತ್ತೆ ಸಭೆಯ ಕಚೇರಿಗೆ ಹೋಗುತ್ತೇನೆ, ಬೆಟಗೇರಿಯ ಅಣ್ಣನವರು ಹೇಳಿದ ಕ್ರಮದಲ್ಲಿಯೇ ನೋಡುತ್ತೇನೆ.

ರೋಣ ತಾಲೂಕಿನ ಯುವಕ

ಅಕ್ಕನವರು ಹಿಂದಿರುಗಿ ಬರುವುದರೊಳಗೆ ಹಳ್ಳಿಯ ಕಡೆಯ ಹುಡುಕಾಟದ ಬಗ್ಗೆ ಬರೆದಿಡುತ್ತೇನೆ. ತಂದೆಯ ಹೆಸರೂ ಊರೂ ಸಿಕ್ಕರೆ ಮೊದಲು ಎಲ್ಲರೂ ಓಡುವುದು ಪಹಣಿಗೆ, ಅಲ್ಲಿಂದ ಹಿಂದಕ್ಕೆ ಹಕ್ಕು ಬದಲಾವಣೆಯ ಡೈರಿಗೆ. ಆದರೆ ನಮ್ಮ ಕಡೆ ಹಕ್ಕುದಾಖಲೆ ಶುರುವಾದದ್ದೇ 1903ರ ಮುಂಬಯಿ ಕಾಯಿದೆಯ ನಂತರ. ಧಾತು ಬರದಲ್ಲಿ ಅಳಿದುಹೋದ ರೈತನ ಹೆಸರು ಅದರಲ್ಲಿ ಬರುವುದಿಲ್ಲ, ಅವನ ಅಣ್ಣತಮ್ಮಂದಿರ ಮಕ್ಕಳು ಬರಬಹುದು. ಅದಕ್ಕಿಂತ ಹಿಂದೆ ಹೊಲ ಬಿಡುವ ರೈತ ರಾಜೀನಾಮೆ ಬರೆದುಕೊಡುತ್ತಿದ್ದ, ಹಿಡಿಯುವವನು ಕಬೂಲಾಯತ ಬರೆದುಕೊಡುತ್ತಿದ್ದ. ಬರದ ಮರುವರ್ಷಗಳಲ್ಲಿ ಯಾರ ಹೊಲ ಯಾರ ಕೈಗೆ ಹೋಯಿತೆಂಬುದು ಅಂಥ ಕಾಗದಗಳ ವಿಷಯ. ಅವುಗಳಲ್ಲಿ ಇಸವಿಯ ಬದಲು ಫಸಲಿ ವರ್ಷವಿದ್ದರೆ, ಅಂದರೆ ಕಂದಾಯದ ಲೆಕ್ಕದ ವರ್ಷವಿದ್ದರೆ, 590 ಕೂಡಿಸಿರಿ. ಫಸಲಿ 1287 ಎಂದರೆ 1877-78. ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇದ್ದರೆ ಓದುವವರನ್ನು ಹುಡುಕಬೇಕು, ಧಾರವಾಡದಲ್ಲಿ ಅಂಥವರು ಇನ್ನೂ ಸಿಗುತ್ತಾರೆ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆ ಇರುವುದು ಹೆಳವರ ಮೇಲೆ. ಪಟ್ಟಣದವರಿಗಾಗಿ ಹೇಳುತ್ತೇನೆ: ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು, ಗಂಟೆ ಬಾರಿಸುತ್ತ ಊರಿಗೆ ಬಂದು, ಒಕ್ಕಲುಮನೆಗಳ ಬಾಗಿಲಲ್ಲಿ ನಿಂತು ಆ ಮನೆತನದ ಮೂಲ ಯಾವ ಊರು, ಎಷ್ಟು ತಲೆಮಾರು, ಯಾರ ಮಗ ಯಾರು ಎಂದು ಹೇಳಿ ಕಾಳು ಪಡೆಯುವವರು ಅವರು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಊರು, ಇಂತಿಷ್ಟು ಮನೆತನ ಎಂದು ಹಂಚಿಕೆಯಿರುತ್ತದೆ. ಕೇಳಿದ್ದನ್ನು ಹೊತ್ತಿಗೆಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ನಮ್ಮ ಮನೆಯ ಹೆಳವ ಹೋದ ವರ್ಷ ಬಂದಾಗ, ನನ್ನ ತಂದೆಗೂ ಗೊತ್ತಿರದ, ಕೂಸಾಗಿದ್ದಾಗಲೇ ತೀರಿದ ಒಬ್ಬ ದೊಡ್ಡಪ್ಪನ ಹೆಸರು ಹೇಳಿದ. ಮತ ಬಿಟ್ಟು ಹೋದವರ ಕವಲು ಅವರ ಹೊತ್ತಿಗೆಯಲ್ಲಿ ಅಲ್ಲಿಗೇ ನಿಂತಿರುತ್ತದೆ, ಆದರೆ ನಿಂತ ಜಾಗವಾದರೂ ಇರುತ್ತದೆ.

ಕೇಶ್ವಾಪುರದ ಶಿಕ್ಷಕಿ (ಮೂರು ವಾರಗಳ ನಂತರ)

ಎಲ್ಲ ಹಿರಿಯರಿಗೂ ಸಹೋದರರಿಗೂ ವಂದನೆಗಳು. ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ.

ಮದುವೆಯ ರಜಿಸ್ಟರಿನಲ್ಲಿ 1893ರ ಒಂದು ನಮೂದು ಸಿಕ್ಕಿತು. ವರ ಯಾಕೋಬ, ವಯಸ್ಸು 23, ಕಸುಬು ರೇಲ್ವೆಯಲ್ಲಿ ಬಡಗಿ. ವಧುವಿನ ಹೆಸರು ನನ್ನ ಮುತ್ತಜ್ಜಿಯದೇ. ತಂದೆಯ ಹೆಸರಿನ ಜಾಗದಲ್ಲಿ ಅಪ್ಪಟ ಹಳ್ಳಿಯ ಹೆಸರೊಂದಿದೆ, ಪಕ್ಕದಲ್ಲಿ 'ಇಲ್ಲ', ಅಂದರೆ ಬದುಕಿಲ್ಲ, ಎಂದು ಬರೆದು ಊರಿನ ಹೆಸರು ಬರೆದಿದ್ದಾರೆ. ಅದು ರೋಣ ತಾಲೂಕಿನ ಊರೇ. 1893ರಲ್ಲಿ 23 ಎಂದರೆ 1870ರ ಹುಟ್ಟು, ಧಾತು ಬರದಲ್ಲಿ ಆರು ವರ್ಷ. ಕೆಳಗೆ ಅವರ ಸಹಿಯಿದೆ. ಒತ್ತಿ ಒತ್ತಿ ಬರೆದ ಕನ್ನಡ ಅಕ್ಷರ, ಕೊನೆಯ ಅಕ್ಷರ ಗೆರೆ ದಾಟಿ ಕೆಳಗಿಳಿದಿದೆ. ನಮ್ಮ ಮನೆಯಲ್ಲಿ ಅವರದೆಂದು ಹೇಳಲು ಒಂದು ಉಳಿಯೂ ಉಳಿದಿಲ್ಲ, ಹೀಗಾಗಿ ಆ ಸಹಿಯನ್ನು ನೋಡುತ್ತ ಬಹಳ ಹೊತ್ತು ಕುಳಿತೆ. ಕಚೇರಿಯ ಹುಡುಗ ಎರಡು ಸಲ ಬಂದು ಬಾಗಿಲು ಹಾಕುವ ಸಮಯವಾಯಿತೆಂದು ಹೇಳಿದ.

1903ರ ಯಾಕೋಬ ಬೇರೆಯವರೇ. ಕುಟುಂಬವಾರು ರಜಿಸ್ಟರಿನಲ್ಲಿ ಅವರ ಪುಟ ಪ್ರತ್ಯೇಕವಾಗಿದೆ. ಕಸುಬು ನೇಯ್ಗೆ, ಹೆಂಡತಿಯ ಹೆಸರು ಬೇರೆ, ಮಕ್ಕಳಿಲ್ಲ. ಇಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಕಳೆದ ಈಸ್ಟರಿನ ನಸುಕಿನಲ್ಲಿ ಎಲ್ಲರೂ ತಮ್ಮ ತಮ್ಮ ಹಿರಿಯರ ಸಮಾಧಿಗೆ ಹೋದಾಗ ನಾನು ಈ ಯಾಕೋಬರ ಕಲ್ಲನ್ನು ತೊಳೆದು ಹೂವಿಟ್ಟು ಬಂದಿದ್ದೆ. ಇಟ್ಟ ಹೂವನ್ನು ಹಿಂದಕ್ಕೆ ತರುವಂತಿಲ್ಲ. ಅವರಿಗೆ ಬೇರೆ ಯಾರೂ ಬರುವವರಿಲ್ಲವೆಂದು ಕಾಣುತ್ತದೆ, ಆದ್ದರಿಂದ ಬರುವ ವರ್ಷವೂ ಇಡುತ್ತೇನೆ.

ನಮ್ಮ ಮುತ್ತಜ್ಜನ ಮರಣದ ನಮೂದು ಎಲ್ಲಿಯೂ ಸಿಗಲಿಲ್ಲ. ಪಾಲಿಕೆಯವರೂ ಹುಡುಕಿ, ಇಲ್ಲವೆಂದು ಬರೆದುಕೊಟ್ಟರು. ಆದರೆ ಕರ್ತನ ಭೋಜನದ ಪಟ್ಟಿಗಳು ಕಪಾಟಿನ ಕೆಳಗಿನ ಅರೆಯಲ್ಲಿಯೇ ಇದ್ದವು. 1898ರ ಈಸ್ಟರಿನ ಪಟ್ಟಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಒಂದರ ಕೆಳಗೊಂದು ಇವೆ. ಅದೇ ವರ್ಷದ ಕ್ರಿಸ್ಮಸ್ಸಿನ ಪಟ್ಟಿಯಲ್ಲಿ ಮುತ್ತಜ್ಜಿಯ ಹೆಸರು ಮಾತ್ರ ಇದೆ, ಅದರ ಮುಂದೆ 'ವಿಧವೆ' ಎಂಬ ಒಂದೇ ಶಬ್ದ. ಈ ಎರಡು ಹಬ್ಬಗಳ ನಡುವಿನ ಸಮಾಧಿ ರಜಿಸ್ಟರಿನಲ್ಲಿ ಹೆಸರಿಲ್ಲದ ಮೂರು ನಮೂದುಗಳಿವೆ, ಮೂರೂ 'ಕ್ಯಾಂಪಿನಲ್ಲಿ ಒಬ್ಬ ಗಂಡಸು' ಎಂದು. ಮೂವರಲ್ಲಿ ಒಬ್ಬರು ಅವರಿರಬಹುದೆಂದು ಮನಸ್ಸು ಹೇಳುತ್ತದೆ. ಒಮ್ಮೆ ತಪ್ಪಿದವಳು ಮತ್ತೊಮ್ಮೆ ಹಾಗೆ ಬರೆದುಕೊಳ್ಳುವುದಿಲ್ಲ. ನನ್ನ ವಹಿಯಲ್ಲಿ '1898ರ ಏಪ್ರಿಲ್ ಮತ್ತು ಡಿಸೆಂಬರ್ ನಡುವೆ, ಹುಬ್ಬಳ್ಳಿ, ವಿಳಂಬಿ ಸಂವತ್ಸರ, ಅಜ್ಜಿಯ ಮಾತಿನಂತೆ ಪ್ಲೇಗು' ಎಂದಷ್ಟೇ ಬರೆದಿದ್ದೇನೆ.

ಇನ್ನು ಉಳಿದಿರುವುದು ಆ ಊರಿಗೆ ಹೋಗುವುದು. ಅಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ರೋಣದ ತಮ್ಮ, ಸುಗ್ಗಿಯ ಹೊತ್ತಿಗೆ ಹೆಳವರು ಆ ಕಡೆ ಬರುತ್ತಾರೆಯೇ, ಬಂದರೆ ಅವರನ್ನು ಹೇಗೆ ಕೇಳಬೇಕು ಎಂದು ತಿಳಿಸಿದರೆ ಮುತ್ತಜ್ಜನ ತಂದೆಯ ಹೆಸರು ಹಿಡಿದು ಬರುತ್ತೇನೆ.

ರೋಣ ತಾಲೂಕಿನ ಯುವಕ

ಬರುತ್ತಾರೆ ಅಕ್ಕ. ಜೋಳದ ರಾಶಿ ಮುಗಿದ ಮೇಲೆ ಬನ್ನಿರಿ, ಊರಿನ ಹೆಸರು ನನಗೆ ಖಾಸಗಿಯಾಗಿ ತಿಳಿಸಿದರೆ ಆ ಊರಿನ ಹೆಳವರು ಯಾರೆಂದು ಮೊದಲೇ ವಿಚಾರಿಸಿ ಇಡುತ್ತೇನೆ. ಒಂದನ್ನು ಮಾತ್ರ ಮರೆಯಬೇಡಿ. ತಂದೆಯ ಹೆಸರನ್ನು ತಾವಾಗಿ ಮೊದಲು ಹೇಳಬೇಡಿ. ಹೇಳಿದರೆ ಅದೇ ಹೆಸರು ಹೊತ್ತಿಗೆಯೊಳಗಿಂದ ಬಂತೋ ತಮ್ಮ ಬಾಯಿಂದ ಬಂತೋ ಆಮೇಲೆ ಗೊತ್ತಾಗುವುದಿಲ್ಲ. ಧಾತು ಬರದಲ್ಲಿ ಗಂಡ ಸತ್ತು, ಹೆಂಡತಿ ಮಗನನ್ನು ಕಟ್ಟಿಕೊಂಡು ಊರು ಬಿಟ್ಟ ಮನೆ ಯಾವುದೆಂದು ಅಷ್ಟೇ ಕೇಳಿರಿ, ಆಮೇಲೆ ಸುಮ್ಮನಿರಿ, ಹೆಸರನ್ನು ಅವರೇ ಹೇಳಲಿ.